ಕಪ್ಪು ಮುಖ, ಯಂತ್ರದ ಕಣ್ಣು

ದಲಿತ ವಿಮರ್ಶೆಯ ಸಂಚಿಕೆಗೆ ಕವಿತೆ, ಆತ್ಮಕಥನಗಳನ್ನು ಬಿಟ್ಟು ಕ್ಯಾಮರಾದ ಬಗ್ಗೆ ಬರೆಯುತ್ತೇನೆಂದಾಗ ಸಂಪಾದಕ ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಾದರು. 'ಅದು ಎಂಜಿನಿಯರುಗಳ ತಲೆನೋವಲ್ವಾ?' ಎಂದರು. ಎಂಜಿನಿಯರುಗಳದ್ದೂ ಹೌದು, ಇಲ್ಲ ಎನ್ನುವುದಿಲ್ಲ. ಆದರೆ ಯಾರು ಯಾರನ್ನು ನೋಡುತ್ತಾರೆ, ಯಾವ ಮುಖ ಮಾದರಿ, ಯಾವ ಮುಖ ಅದರಿಂದ ತಪ್ಪಿದ್ದು ಎಂಬ ಪ್ರಶ್ನೆಗಳನ್ನು ನಾವು ನಾಲ್ಕು ದಶಕಗಳಿಂದ ಕಾದಂಬರಿಗಳಿಗೆ ಕೇಳುತ್ತ ಬಂದಿದ್ದೇವೆ. ಮುಖ್ಯಧಾರೆಯ ಸಾಹಿತ್ಯ ನಮ್ಮ ಕೇರಿಯನ್ನು ಕಂಡ ಬಗೆಯನ್ನು ಸಾಲುಸಾಲಾಗಿ ಬಿಡಿಸಿ ತೋರಿಸಿದ್ದೇವೆ. ಈಗ ಅವೇ ಪ್ರಶ್ನೆಗಳನ್ನು ಒಂದು ಯಂತ್ರಕ್ಕೆ ಕೇಳಬೇಕಾಗಿ ಬಂದಿದೆ. ಆ ಯಂತ್ರ ವಿಮಾನ ನಿಲ್ದಾಣದ ಬಾಗಿಲಲ್ಲಿ, ಪೊಲೀಸರ ಕೈಯಲ್ಲಿ, ಅಂಗನವಾಡಿಯಲ್ಲಿ, ಕಸ ಗುಡಿಸುವವರ ಹಾಜರಾತಿಯಲ್ಲಿ ಬಂದು ಕೂತಿದೆ. ಅದಕ್ಕೂ ಒಂದು ನೋಟಕ್ರಮವಿದೆ. ನೋಟಕ್ರಮವಿದ್ದ ಮೇಲೆ ವಿಮರ್ಶೆ ಇರಲೇಬೇಕು.

ಮೊದಲು ಒಂದು ಹಳೆಯ ಪಠ್ಯ. ಅಮೆರಿಕದ ಕೊಡಕ್ ಕಂಪನಿ ಕಲರ್ ಫೋಟೋ ತೊಳೆಯುವ ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಚಿತ್ರ, ಜೊತೆಗೆ ಒಂದಷ್ಟು ಬಣ್ಣದ ಪಟ್ಟಿಗಳು. ಆಕೆಯ ಚರ್ಮ ಸರಿಯಾಗಿ ಬಂದರೆ ಪ್ರಿಂಟು ಸರಿ, ಇಲ್ಲದಿದ್ದರೆ ಯಂತ್ರ ತಿದ್ದಬೇಕು. ಮೊದಲು ಆ ಕಾರ್ಡಿಗೆ ಕೂತವಳ ಹೆಸರು ಶರ್ಲಿ. ಆಮೇಲೆ ಬೇರೆ ಬೇರೆ ಹೆಂಗಸರು ಬಂದರೂ ಅದು 'ಶರ್ಲಿ ಕಾರ್ಡ್' ಎಂದೇ ಉಳಿಯಿತು. ಜಗತ್ತಿನ ಎಲ್ಲ ಮುಖಗಳೂ ಆ ಒಂದು ಮುಖದ ಅಳತೆಗೆ ತೊಳೆಯಲ್ಪಟ್ಟವು. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ 2009ರಲ್ಲಿ ಇದರ ಚರಿತ್ರೆ ಬರೆದರು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೊಂದಿದೆ. ಕೊಡಕ್‌ನವರು ಕಂದು ಬಣ್ಣಗಳನ್ನು ಚೆನ್ನಾಗಿ ಹಿಡಿಯುವ ಫಿಲಂ ಮಾಡಲು ಹೊರಟದ್ದು ಕರಿಯ ತಾಯಂದಿರು ತಮ್ಮ ಮಕ್ಕಳ ಶಾಲಾ ಫೋಟೋ ಹಿಡಿದುಕೊಂಡು ಬಂದು ಕೇಳಿದ್ದಕ್ಕಲ್ಲವಂತೆ. ಚಾಕೊಲೇಟು ಮಾಡುವವರು, ಮರದ ಪೀಠೋಪಕರಣ ಮಾಡುವವರು ತಮ್ಮ ಸರಕಿನ ಬಣ್ಣ ಜಾಹೀರಾತಿನಲ್ಲಿ ಸರಿಯಾಗಿ ಬರುತ್ತಿಲ್ಲವೆಂದು ದೂರು ಕೊಟ್ಟದ್ದಕ್ಕಂತೆ. ಮೇಜಿನ ಬಣ್ಣಕ್ಕೆ ಸಿಕ್ಕಿದ ನ್ಯಾಯ ಮನುಷ್ಯರಿಗೆ ಹಿಂಬಾಗಿಲಿಂದ ಬಂತು. 1977ರಲ್ಲಿ ಮೊಜಾಂಬಿಕಿಗೆ ಹೋದ ಫ್ರೆಂಚ್ ನಿರ್ದೇಶಕ ಗೊದಾರ್ ಕೊಡಕ್ ಫಿಲಂ ಜನಾಂಗವಾದಿ ಎಂದು ಹೇಳಿ ಅದನ್ನು ಬಳಸಲು ಒಪ್ಪಲಿಲ್ಲ.

ನಮ್ಮ ಕಡೆಗೂ ಈ ಅಳತೆ ಬಂದಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ. ಹಾಸ್ಟೆಲಿನ ಗ್ರೂಪ್ ಫೋಟೋ ನೆನೆಸಿಕೊಳ್ಳಿ. ಮುಂದಿನ ಸಾಲಿನಲ್ಲಿ ಬಿಳಿ ಅಂಗಿಯ ವಾರ್ಡನ್ನು, ಮೇಷ್ಟ್ರುಗಳು. ಹಿಂದೆ ನಿಂತ ನಾವೆಲ್ಲ ಹಲ್ಲು ಮತ್ತು ಕಣ್ಣು ಮಾತ್ರ. ಸ್ಟುಡಿಯೋಗಳಲ್ಲಿ ಕನ್ನಡಿಯ ಕೆಳಗೆ ಬಾಚಣಿಗೆ, ಪೌಡರ್ ಡಬ್ಬಿ ಇಟ್ಟಿರುತ್ತಿದ್ದರು. 'ಸ್ವಲ್ಪ ಹಾಕ್ಕೊಳಪ್ಪಾ, ಚೆನ್ನಾಗ್ ಬರ್ತದೆ' ಎನ್ನುತ್ತಿದ್ದರು. ಸ್ಟುಡಿಯೋದವನಿಗೂ ಕೆಟ್ಟ ಬುದ್ಧಿ ಏನಿಲ್ಲ, ಅವನ ಕೈಲಿದ್ದ ಫಿಲಂ ಅಂಥದು. ಕೆಟ್ಟ ಬುದ್ಧಿ ಇಲ್ಲದೆಯೇ ತಾರತಮ್ಯ ಸಲೀಸಾಗಿ ನಡೆಯಬಲ್ಲದು ಎಂಬುದನ್ನು ಜಾತಿಯ ಸಂದರ್ಭದಲ್ಲಿ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಬಾಸಾಹೇಬರ ಕ್ಯಾಲೆಂಡರ್ ಚಿತ್ರಗಳನ್ನೇ ನೋಡಿ. ನೀಲಿ ಕೋಟು, ಕೆಂಪು ಟೈ, ಮುಖಕ್ಕೆ ಗುಲಾಬಿ ಬಣ್ಣ. ನಮ್ಮ ಮನೆಯ ಗೋಡೆಯ ಮೇಲೆ ನಾವೇ ಶರ್ಲಿಯನ್ನು ತಂದು ಕೂರಿಸಿದ್ದೇವೆ.

*

ಈಗ ಹೊಸ ಪಠ್ಯಕ್ಕೆ ಬರೋಣ. ಘಾನಾ ಮೂಲದ ಜಾಯ್ ಬುಲಮ್ವಿನಿ ಎಂಬ ಕರಿಯ ವಿದ್ಯಾರ್ಥಿನಿ ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದಾಗ, ಮುಖ ಗುರುತಿಸುವ ಕ್ಯಾಮರಾದ ಮುಂದೆ ಕೂತರೆ ಅದು ಆಕೆಯ ಮುಖವನ್ನೇ ಕಾಣಲಿಲ್ಲ. ಒಂದು ಬಿಳಿ ಮುಖವಾಡ ಹಾಕಿಕೊಂಡರೆ ಕಂಡಿತು. ಫ್ರಾಂಟ್ಜ್ ಫ್ಯಾನನ್ 1952ರಲ್ಲಿ ತನ್ನ ಪುಸ್ತಕಕ್ಕೆ ಕಪ್ಪು ಚರ್ಮ, ಬಿಳಿ ಮುಖವಾಡ ಎಂಬ ಅರ್ಥದ ಹೆಸರಿಟ್ಟಾಗ ಅದು ರೂಪಕವಾಗಿತ್ತು. ಇಲ್ಲಿ ರೂಪಕವೇ ಪ್ಲಾಸ್ಟಿಕ್ಕಾಗಿ ಮೇಜಿನ ಮೇಲೆ ಬಿದ್ದಿತ್ತು.

ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪ್ರಕಟಿಸಿದ 'ಜೆಂಡರ್ ಶೇಡ್ಸ್' ಎಂಬ ಪ್ರಬಂಧವನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ರುವಾಂಡಾ, ಸೆನೆಗಲ್, ದಕ್ಷಿಣ ಆಫ್ರಿಕಾ ಒಂದು ಕಡೆ. ಐಸ್‌ಲ್ಯಾಂಡ್, ಫಿನ್‌ಲ್ಯಾಂಡ್, ಸ್ವೀಡನ್ ಇನ್ನೊಂದು ಕಡೆ. ಈ ಆರು ದೇಶಗಳ ಸಂಸತ್ ಸದಸ್ಯರ 1270 ಫೋಟೋಗಳನ್ನು ಆಯ್ದು ಮೈಕ್ರೋಸಾಫ್ಟ್, ಐಬಿಎಂ, ಚೀನಾದ ಫೇಸ್‌ಪ್ಲಸ್‌ಪ್ಲಸ್ ತಂತ್ರಾಂಶಗಳಿಗೆ ಕೊಟ್ಟರು. ಕೇಳಿದ್ದು ಒಂದೇ ಪ್ರಶ್ನೆ: ಇದು ಗಂಡೋ ಹೆಣ್ಣೋ? ತಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಹೆಂಗಸರ ವಿಷಯದಲ್ಲಿ ಶೇ. 34.7ರ ತನಕ. ಮೂವರಲ್ಲಿ ಒಬ್ಬಳು ಹೆಣ್ಣಲ್ಲ ಎಂದಿತು ಯಂತ್ರ! ಬಣ್ಣ ಮಾತ್ರ ನೋಡಿದ್ದರೆ, ಅಥವಾ ಹೆಣ್ಣು ಗಂಡು ಮಾತ್ರ ನೋಡಿದ್ದರೆ ಈ ಅಂತರ ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ. ಎರಡೂ ಸೇರುವ ಕಡೆ ನಿಂತು ನೋಡಿದ್ದರಿಂದ ಕಂಡಿತು. ದಲಿತ ಮಹಿಳೆಯರು ನಮ್ಮ ಚಳವಳಿಗೂ, ಸ್ತ್ರೀವಾದಿ ಗೆಳತಿಯರಿಗೂ ಏಕಕಾಲದಲ್ಲಿ ಹೇಳುತ್ತ ಬಂದದ್ದು ಇದನ್ನೇ ತಾನೆ?

ಒಂದು ಎಚ್ಚರಿಕೆಯ ಮಾತು. ನಮ್ಮ ಭಾಷಣಗಳಲ್ಲಿ ಈ 34.7 ಎಂಬ ಅಂಕಿಯನ್ನು 'ಮುಖ ಗುರುತಿಸುವಲ್ಲಿ ಆಗುವ ತಪ್ಪು' ಎಂದು ಬಳಸುತ್ತಿದ್ದಾರೆ. ಅದು ಲಿಂಗ ಹೇಳುವಲ್ಲಿ ಆದ ತಪ್ಪು, 'ಇವನು ಇಂಥವನೇ' ಎಂದು ಗುರುತಿಸುವಲ್ಲಿ ಆದದ್ದಲ್ಲ. ಎದುರಾಳಿಗಳು ಈ ಸಣ್ಣ ತಪ್ಪನ್ನು ಹಿಡಿದು ಇಡೀ ವಾದವನ್ನು ಆಚೆ ಹಾಕುತ್ತಾರೆ. ಗುರುತಿಸುವ ವಿಷಯಕ್ಕೆ ಬೇರೆ ದಾಖಲೆಯೇ ಇದೆ. ಅಮೆರಿಕದ ನಿಸ್ಟ್ ಎಂಬ ಸರ್ಕಾರಿ ಸಂಸ್ಥೆ 2019ರ ಡಿಸೆಂಬರಿನಲ್ಲಿ 189 ತಂತ್ರಾಂಶಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಬೇರೆಯವರನ್ನು 'ಇವನೇ ಅವನು' ಎಂದು ತಪ್ಪಾಗಿ ಹೊಂದಿಸುವ ಪ್ರಮಾಣ ಆಫ್ರಿಕಾ ಮತ್ತು ಪೂರ್ವ ಏಷ್ಯಾದ ಮುಖಗಳಲ್ಲಿ ಪೂರ್ವ ಯೂರೋಪಿನವರಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಕೆಲವು ತಂತ್ರಾಂಶಗಳಲ್ಲಿ ಹತ್ತರಿಂದ ನೂರು ಪಟ್ಟು. ಚೀನಾದಲ್ಲಿ ತಯಾರಾದ ಕೆಲವು ತಂತ್ರಾಂಶಗಳಿಗೆ ಮಾತ್ರ ಪೂರ್ವ ಏಷ್ಯಾದ ಮುಖಗಳಲ್ಲಿ ಆ ತೊಂದರೆ ಇರಲಿಲ್ಲ. ಅಂದರೆ ಇದು ಚರ್ಮದ ದೋಷವಲ್ಲ. ಯಾರ ಮನೆಯಲ್ಲಿ ಹುಟ್ಟಿತು, ಯಾರ ಮುಖ ನೋಡಿ ಬೆಳೆಯಿತು ಎಂಬುದರ ಫಲ.

ಬೆಳೆಯುವುದು ಎಂದೆನಲ್ಲ, ಅದು ಹೇಗೆಂದು ಹೇಳಬೇಕು. ಈ ತಂತ್ರಾಂಶಗಳಿಗೆ ಯಾರೂ ಮುಖ ಎಂದರೇನು ಅಂತ ಪಾಠ ಹೇಳುವುದಿಲ್ಲ. ಲಕ್ಷಾಂತರ ಫೋಟೋ ಸುರಿಯುತ್ತಾರೆ. ಅದು ಪ್ರತಿ ಮುಖವನ್ನೂ ಕೆಲವು ನೂರು ಅಂಕಿಗಳ ಒಂದು ಸಾಲಾಗಿ ಮಾಡಿಕೊಳ್ಳಲು ಕಲಿಯುತ್ತದೆ. ಎರಡು ಸಾಲುಗಳು ಹತ್ತಿರವಿದ್ದರೆ ಒಬ್ಬರೇ, ದೂರವಿದ್ದರೆ ಬೇರೆ. ಹೆಚ್ಚು ಕಂಡ ಮುಖಗಳ ನಡುವಿನ ಸೂಕ್ಷ್ಮ ವ್ಯತ್ಯಾಸಗಳು ಅದಕ್ಕೆ ಚೆನ್ನಾಗಿ ಗೊತ್ತು. ಅಪರೂಪಕ್ಕೆ ಕಂಡ ಮುಖಗಳೆಲ್ಲ ಅದಕ್ಕೆ ಒಂದೇ ಥರ. ಊರಿನ ಗೌಡರಿಗೆ ಕೇರಿಯ ಹುಡುಗರೆಲ್ಲ ಒಂದೇ ಥರ ಕಾಣುತ್ತಿದ್ದರಲ್ಲ, 'ಯಾರ್ ಮಗನ್ಲಾ ನೀನು?' ಅಂತ ಪ್ರತಿಸಲವೂ ಕೇಳುತ್ತಿದ್ದರಲ್ಲ, ಹಾಗೆ. 2007ರಲ್ಲಿ ಬಂದು ಈ ಕ್ಷೇತ್ರದ ಪಠ್ಯಪುಸ್ತಕವೇ ಆಗಿಹೋದ ಒಂದು ಫೋಟೋ ಸಂಗ್ರಹದಲ್ಲಿ 5,749 ಜನರ 13,233 ಚಿತ್ರಗಳಿವೆ. ಸುದ್ದಿ ಫೋಟೋಗಳಿಂದ ಆರಿಸಿದ್ದು. ಅದರಲ್ಲಿ ಜಾರ್ಜ್ ಬುಷ್ ಒಬ್ಬರದ್ದೇ 530. ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಗಂಡಸರು, ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಬಿಳಿಯರು ಎಂದು ಆಮೇಲೆ ಎಣಿಸಿದವರು ಅಂದಾಜು ಮಾಡಿದರು. ಈ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೇಳು ತೆಗೆದೆವೆಂದು ಕಂಪನಿಗಳು ಬೀಗುತ್ತಿದ್ದವು. ಅಗ್ರಹಾರದ ಹುಡುಗರಿಗೆ ಅಗ್ರಹಾರದ ಪ್ರಶ್ನೆಪತ್ರಿಕೆ!

ಇದಕ್ಕೂ ಮುಂಚೆ ಬೆಳಕಿನ ಸಮಸ್ಯೆ ಇದೆ. ಕ್ಯಾಮರಾ ತನ್ನಷ್ಟಕ್ಕೆ ತಾನು ಬೆಳಕು ಅಳೆಯುವಾಗ ದೃಶ್ಯದ ಸರಾಸರಿಯನ್ನು ಒಂದು ನಡುಬೂದಿಗೆ ತರಲು ನೋಡುತ್ತದೆ. ಹಿಂದೆ ಬಿಳಿ ಗೋಡೆ ಅಥವಾ ಉರಿಯುವ ದೀಪವಿದ್ದರೆ ಅದಕ್ಕೆ ಹೆದರಿ ಕಣ್ಣು ಕಿರಿದು ಮಾಡಿಕೊಳ್ಳುತ್ತದೆ. ಮುಂದಿರುವ ಕಪ್ಪು ಮುಖ ಕತ್ತಲಿಗೆ ಬೀಳುತ್ತದೆ. ಕಪ್ಪು ಚರ್ಮ ಹಿಂದಿರುಗಿಸುವ ಬೆಳಕು ಕಡಿಮೆ, ಕಡಿಮೆ ಬೆಳಕಿನಲ್ಲಿ ಚಿತ್ರದ ತುಂಬ ಕಾಳುಕಾಳು. 2001ರಿಂದ ಬಹಳ ವರ್ಷ ಚಾಲ್ತಿಯಲ್ಲಿದ್ದ ಮುಖ ಹುಡುಕುವ ಒಂದು ವಿಧಾನವಂತೂ ಕಣ್ಣಿನ ಪಟ್ಟಿ ಕಪ್ಪು, ಕೆನ್ನೆ ಬಿಳುಪು ಎಂಬ ಅಂತರವನ್ನೇ ನಂಬಿಕೊಂಡಿತ್ತು. ಕೆನ್ನೆಯೂ ಕಪ್ಪಿದ್ದವರು ಏನು ಮಾಡಬೇಕು? ಇವೆಲ್ಲ ಸರಿಪಡಿಸಲಾಗದ ವಿಷಯಗಳಲ್ಲ. ಮುಖಕ್ಕೆ ಬೆಳಕು ಅಳೆಯುವಂತೆ ಹೇಳಬಹುದು, ಮುಂದೊಂದು ದೀಪ ಇಡಬಹುದು. 2021ರಲ್ಲಿ ಗೂಗಲ್‌ನವರು ತಮ್ಮ ಪಿಕ್ಸೆಲ್ ಫೋನಿಗೆ 'ರಿಯಲ್ ಟೋನ್' ಎಂದು ಇದನ್ನೇ ಮಾಡಿ ಜಾಹೀರಾತು ಕೊಟ್ಟರು. ಇಷ್ಟು ದಿನ ಯಾಕೆ ಮಾಡಲಿಲ್ಲ ಎಂಬುದು ಎಂಜಿನಿಯರಿಂಗ್ ಪ್ರಶ್ನೆಯಲ್ಲ.

*

ತಿದ್ದಬೇಕಾದರೆ ಅಳೆಯಬೇಕು, ಅಳೆಯಬೇಕಾದರೆ ಅಳತೆಗೋಲು ಬೇಕು. ಬುಲಮ್ವಿನಿ ಬಳಸಿದ್ದು ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯ 1975ರಲ್ಲಿ ರೂಪಿಸಿದ ಅಳತೆ. ಅದು ಹುಟ್ಟಿದ್ದೇ ಬೇರೆ ಕಾರಣಕ್ಕೆ: ಚರ್ಮರೋಗಕ್ಕೆ ಕಿರಣ ಚಿಕಿತ್ಸೆ ಕೊಡುವಾಗ ಯಾರ ಚರ್ಮ ಎಷ್ಟು ಸುಡುತ್ತದೆ ಎಂದು ತಿಳಿಯಲು. ಮೊದಲು ಇದ್ದ ನಾಲ್ಕು ದರ್ಜೆಗಳೂ ಬಿಳಿಯರಿಗೇ. ಕಂದು, ಕಪ್ಪಿಗೆ ಐದು ಮತ್ತು ಆರು ಆಮೇಲೆ ಸೇರಿದವು. ಊರು ಕಟ್ಟಿದ ಮೇಲೆ ಕೊನೆಗೆ ಎರಡು ಸಾಲು ಕೇರಿ. (ಅದೇ 1975ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಫೇರ್ ಅಂಡ್ ಲವ್ಲಿ ಬಂತು. 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದರು, ಟ್ಯೂಬು ಹಾಗೇ ಇದೆ.) ಈ ಕೊರತೆ ನೋಡಿ ಹಾರ್ವರ್ಡಿನ ಸಮಾಜಶಾಸ್ತ್ರಜ್ಞ ಎಲ್ಲಿಸ್ ಮಾಂಕ್ ಹತ್ತು ಬಣ್ಣಗಳ ಹೊಸ ಅಳತೆ ಮಾಡಿದರು. 2022ರಲ್ಲಿ ಗೂಗಲ್ ಅದನ್ನು ಎಲ್ಲರೂ ಬಳಸಿಕೊಳ್ಳಲಿ ಎಂದು ಬಿಡುಗಡೆ ಮಾಡಿತು. ಆರಕ್ಕಿಂತ ಹತ್ತು ಮೇಲು, ಒಪ್ಪುತ್ತೇನೆ.

ಆದರೆ ನಮಗೆ ನಮ್ಮದೇ ಒಂದು ಅಳತೆಗೋಲಿದೆ, ಅದನ್ನು ಯಾರೂ ಅಳತೆಗೋಲು ಎಂದು ಓದಿಲ್ಲ. ಪತ್ರಿಕೆಗಳಲ್ಲಿ ಪೊಲೀಸರು ಕೊಡುವ 'ಕಾಣೆಯಾಗಿದ್ದಾರೆ' ಪ್ರಕಟಣೆಗಳನ್ನು ನೋಡಿ. ಎತ್ತರ ಇಷ್ಟು ಅಡಿ, ಕೋಲು ಮುಖ ಅಥವಾ ದುಂಡು ಮುಖ, ಸಾಧಾರಣ ಮೈಕಟ್ಟು, ಎಣ್ಣೆಗೆಂಪು ಮೈಬಣ್ಣ. ಎಣ್ಣೆಗೆಂಪು, ಗೋಧಿ ಬಣ್ಣ, ಬಿಳಿ, ಸಾಧಾರಣ ಬಿಳಿ, ಕಪ್ಪು. ಕನ್ನಡ ರಾಜ್ಯದ ಚರ್ಮಗಳೆಲ್ಲ ಈ ನಾಲ್ಕೈದು ಪದಗಳ ಒಳಗೆ ಕಾಣೆಯಾಗುತ್ತವೆ, ಒಮ್ಮೊಮ್ಮೆ ಪತ್ತೆಯೂ ಆಗುತ್ತವೆ. ಇದರಲ್ಲಿ ಎಣ್ಣೆಗೆಂಪು ಎಂಬುದು ಬಹಳ ಕರುಣೆಯ ಪದ. ಠಾಣೆಯಲ್ಲಿ ಕೂತ ತಾಯಿ ತನ್ನ ಮಗಳನ್ನು ಕಪ್ಪು ಎನ್ನಲಾರಳು. ಬರೆಯುವ ರೈಟರಿಗೂ ಅದನ್ನು ಬರೆಯಲು ಮನಸ್ಸು ಬಾರದು. ಇಬ್ಬರೂ ಸೇರಿ ಎಣ್ಣೆಗೆಂಪಿಗೆ ಒಪ್ಪುತ್ತಾರೆ. ಆಡುಮಾತಿನಲ್ಲಂತೂ 'ಹುಡುಗಿ ಕೆಂಪಗವಳೆ' ಎಂದರೆ ಬಿಳುಪಗಿದ್ದಾಳೆ ಎಂದೇ ಅರ್ಥ. ಇದನ್ನು ಮಾಂಕ್ ಅವರ ಎಷ್ಟನೆಯ ಚೌಕಕ್ಕೆ ಹಾಕುವುದು? ಬಣ್ಣವನ್ನು ಹೇಳುವ ಪದದಲ್ಲಿ ಮರ್ಯಾದೆ, ಮದುವೆ, ಭಯ ಎಲ್ಲವೂ ಬೆರೆತಿರುವಾಗ, ಈ ಫೋಟೋಗೆ ಯಾವ ಬಣ್ಣ ಎಂದು ಗುರುತು ಹಾಕಲು ಕೂತವರು ಕಣ್ಣಿಂದ ಮಾತ್ರ ನೋಡುತ್ತಾರೆಯೇ? ಬಿಸಿಲಲ್ಲಿ ದುಡಿದು ಬಂದ ಮುಖ ಮಳೆಗಾಲಕ್ಕೆ ಇನ್ನೊಂದು ಬಣ್ಣವಾಗಿರುತ್ತದೆ ಎಂಬುದಿರಲಿ.

*

ಇಲ್ಲಿಯವರೆಗೆ ನಾನು ಹೇಳಿದ್ದನ್ನು ಕೇಳಿ ಯಾರಾದರೂ, 'ಸರಿ ಹಾಗಾದರೆ, ಕಪ್ಪು ಮುಖಗಳನ್ನೂ ಸಮನಾಗಿ ಸೇರಿಸಿ ಕ್ಯಾಮರಾವನ್ನು ನ್ಯಾಯವಂತವಾಗಿ ಮಾಡಿದರಾಯಿತು' ಎನ್ನಬಹುದು. ಅಮೆರಿಕದಲ್ಲಿ ಹಾಗೆ ಮಾಡಲು ಹೋದದ್ದೂ ಆಗಿದೆ. 2019ರಲ್ಲಿ ಐಬಿಎಂನವರು ಮುಖಗಳ ವೈವಿಧ್ಯಕ್ಕೆಂದೇ ಒಂದು ಸಂಗ್ರಹ ಮಾಡಿದರು. ಜನ ಫ್ಲಿಕರ್‌ನಲ್ಲಿ ಹಾಕಿಕೊಂಡಿದ್ದ ಸುಮಾರು ಹತ್ತು ಲಕ್ಷ ಫೋಟೋಗಳನ್ನು ಅದರಲ್ಲಿರುವವರನ್ನು ಕೇಳದೆ ತೆಗೆದುಕೊಂಡದ್ದು ಆಮೇಲೆ ಸುದ್ದಿಯಾಯಿತು. ಅದೇ ವರ್ಷ ಗೂಗಲ್‌ಗಾಗಿ ಕೆಲಸ ಮಾಡುತ್ತಿದ್ದ ಗುತ್ತಿಗೆಯವರು ಅಟ್ಲಾಂಟಾದ ಬೀದಿಗಳಲ್ಲಿ ಮನೆಯಿಲ್ಲದ ಕರಿಯರಿಗೆ ಐದು ಡಾಲರಿನ ಗಿಫ್ಟ್ ಕಾರ್ಡು ಕೊಟ್ಟು ಮುಖ ಅಚ್ಚೊತ್ತಿಸಿಕೊಳ್ಳುತ್ತಿದ್ದರು ಎಂದು ಪತ್ರಿಕೆಗಳು ಬರೆದವು. ಕಂಪನಿ ಆ ಕೆಲಸವನ್ನು ನಿಲ್ಲಿಸಿತು. ನಮ್ಮನ್ನು ಕಾಣದಿದ್ದದ್ದಕ್ಕೆ ಪರಿಹಾರ ನಮ್ಮನ್ನು ಇನ್ನಷ್ಟು ದೋಚುವುದು. ಪ್ರಾತಿನಿಧ್ಯದ ರಾಜಕಾರಣದ ಇಂಥ ತಿರುವುಗಳನ್ನು ನಾವು ಅಕಾಡೆಮಿ, ಪಠ್ಯಪುಸ್ತಕಗಳಲ್ಲಿ ನೋಡಿದ್ದೇವೆ. ಇಲ್ಲಿ ಅದು ಬೆತ್ತಲಾಗಿದೆ.

ಇದಕ್ಕಿಂತಲೂ ಹಳೆಯ ಉದಾಹರಣೆಯೊಂದು ನನ್ನನ್ನು ಹೆಚ್ಚು ಕಾಡಿದೆ. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಕರಿಯರು ಪಾಸ್‌ಬುಕ್ ಇಲ್ಲದೆ ಬೀದಿಗೆ ಬರುವಂತಿರಲಿಲ್ಲ. ಅದಕ್ಕೆ ಫೋಟೋ ಬೇಕು. ಪೋಲರಾಯ್ಡ್ ಕಂಪನಿಯ ಐಡಿ-2 ಎಂಬ ಕ್ಯಾಮರಾ ಸ್ಥಳದಲ್ಲೇ ಫೋಟೋ ತೆಗೆದುಕೊಡುತ್ತಿತ್ತು. ಫ್ಲಾಶಿನ ಬೆಳಕನ್ನು ಹೆಚ್ಚಿಸುವ ಗುಂಡಿಯೊಂದು ಅದರಲ್ಲಿತ್ತು. ಕಪ್ಪು ಮುಖಗಳಿಗೆ ಸರಿಹೊಂದುವಷ್ಟು ಬೆಳಕು ಅದರಿಂದ ಸಿಗುತ್ತದೆಂದು ಬ್ರೂಂಬರ್ಗ್ ಮತ್ತು ಚನಾರಿನ್ ಎಂಬ ಕಲಾವಿದರು ಎಷ್ಟೋ ವರ್ಷಗಳ ನಂತರ ಆ ಕ್ಯಾಮರಾವನ್ನೇ ಬಳಸಿ ತೋರಿಸಿದರು. ಯೋಚಿಸಿ. ಮದುವೆ ಮನೆಯಲ್ಲಿ, ಶಾಲೆಯಲ್ಲಿ ಕಪ್ಪು ಮುಖವನ್ನು ಕಾಣಲಾರದ ಕ್ಯಾಮರಾ, ಪಾಸ್‌ಬುಕ್ಕಿಗೆ ಬಂದಾಗ ಸ್ಪಷ್ಟವಾಗಿ ಕಂಡಿತು. 1970ರಲ್ಲಿ ಆ ಕಂಪನಿಯಲ್ಲೇ ಕೆಲಸಕ್ಕಿದ್ದ ಇಬ್ಬರು ಕರಿಯರು, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್, ಇದನ್ನು ಕಂಡುಹಿಡಿದು ಚಳವಳಿ ಶುರು ಮಾಡಿದರು. ಕ್ಯಾಮರಾ ನಮ್ಮ ಬಣ್ಣವನ್ನು ಸರಿಯಾಗಿ ತೋರಿಸಲಿ ಎಂದು ಅವರು ಕೇಳಲಿಲ್ಲ. ಆ ದೇಶಕ್ಕೆ ಮಾರಬೇಡಿ ಎಂದರು. ಇಬ್ಬರೂ ಕೆಲಸ ಕಳೆದುಕೊಂಡರು. ಏಳು ವರ್ಷದ ನಂತರ, 1977ರಲ್ಲಿ, ಪೋಲರಾಯ್ಡ್ ದಕ್ಷಿಣ ಆಫ್ರಿಕಾ ಬಿಟ್ಟು ಬಂತು.

ಹೀಗಾಗಿ 'ನಿಖರತೆ' ಎಂಬ ಪದವನ್ನು ನಾನು ಅನುಮಾನದಿಂದಲೇ ಮುಟ್ಟುತ್ತೇನೆ. ಯಾವುದಕ್ಕಾಗಿ ನಿಖರ?

*

ಅಮೆರಿಕದ ಕರಿಯರ ಹೋರಾಟ ನಮಗೆ ಹೊಸ ನೆಂಟಸ್ತಿಕೆಯಲ್ಲ. 1946ರಲ್ಲಿ ಅಂಬೇಡ್ಕರ್ ಡಬ್ಲ್ಯು.ಇ.ಬಿ. ಡು ಬಾಯ್ಸ್‌ಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ತಂದುಕೊಂಡರು. ಆದರೆ ನೆಂಟರ ಮನೆಯ ಬಟ್ಟೆ ನಮಗೆ ಹಾಗೇ ಆಗಿಬರುವುದಿಲ್ಲ. ಅಲ್ಲಿ ಚರ್ಮವೇ ಗಡಿ. ಇಲ್ಲಿ? 'ಕರಿ ಹಾರುವನನ್ನೂ ಬಿಳಿ ಹೊಲೆಯನನ್ನೂ ನಂಬಬೇಡ' ಎಂಬ ಗಾದೆ ನಮ್ಮ ಸೀಮೆಯಲ್ಲಿದೆ. ನಮ್ಮನ್ನು ಬಯ್ಯಲು ಹುಟ್ಟಿದ ಈ ಗಾದೆ ತನಗೇ ಗೊತ್ತಿಲ್ಲದೆ ಒಂದು ಸತ್ಯ ಒಪ್ಪಿಕೊಂಡಿದೆ: ಕರಿ ಹಾರುವರೂ ಇದ್ದಾರೆ, ಬಿಳಿ ಹೊಲೆಯರೂ ಇದ್ದಾರೆ. ಬಣ್ಣ ನೋಡಿ ಜಾತಿ ಹೇಳಲು ಆಗದೇ ಇದ್ದಾಗ ಜಾತಿಗೆ ಹುಟ್ಟುವ ಗಾಬರಿ ಆ ಗಾದೆಯಲ್ಲಿದೆ.

ಮುಖ ಅಳೆದು ಜಾತಿ ಹೇಳುವ ಹುಚ್ಚು ಬ್ರಿಟಿಷರಿಗೆ ಹಿಡಿದಿತ್ತು. ಹರ್ಬರ್ಟ್ ರಿಸ್ಲಿ 1891ರಲ್ಲಿ ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಸಿದ್ಧಾಂತ ಮಾಡಿದ. ಮದರಾಸಿನ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಅಳತೆಪಟ್ಟಿ ಹಿಡಿದು ದಕ್ಷಿಣದ ಜನರ ಮೂಗು, ತಲೆಗಳನ್ನು ಅಳೆದು 1909ರಲ್ಲಿ ಏಳು ಸಂಪುಟ ತಂದ. 1948ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಮೂಲ ಕುರಿತ ತಮ್ಮ ಪುಸ್ತಕದಲ್ಲಿ ಈ ಮೂಗಿನ ಅಂಕಿಅಂಶಗಳನ್ನೇ ಎತ್ತಿಕೊಂಡರು. ಈ ವಿಜ್ಞಾನವನ್ನು ನಂಬುವುದಾದರೆ ಬ್ರಾಹ್ಮಣ ಮತ್ತು ಅಸ್ಪೃಶ್ಯ ಒಂದೇ ಜನಾಂಗ ಎಂದೇ ಅದರಿಂದ ಸಿದ್ಧವಾಗುತ್ತದೆ ಎಂದು ತೋರಿಸಿದರು. ಎದುರಾಳಿಯ ಅಳತೆಪಟ್ಟಿಯಿಂದಲೇ ಎದುರಾಳಿಯನ್ನು ಅಳೆದ ಆ ಕೆಲಸ ವಿಮರ್ಶೆಯ ದೊಡ್ಡ ಮಾದರಿ. ಅದರಿಂದ ನಾನು ಕಲಿತದ್ದು ಇಷ್ಟು. ಜಾತಿ ಮುಖದಲ್ಲಿಲ್ಲದ್ದರಿಂದ, ಕ್ಯಾಮರಾದ ಬಣ್ಣವನ್ನು ಎಷ್ಟೇ ತಿದ್ದಿದರೂ ಜಾತಿ ಅದರಿಂದ ತಿದ್ದಲ್ಪಡುವುದಿಲ್ಲ. ಜಾತಿ ಬರುವುದು ಲೆನ್ಸಿನಿಂದಲ್ಲ. ಕ್ಯಾಮರಾವನ್ನು ಎಲ್ಲಿ ನೆಟ್ಟಿದ್ದಾರೆ, ಯಾರ ಕಡೆ ತಿರುಗಿಸಿದ್ದಾರೆ ಎಂಬುದರಿಂದ.

ನಮ್ಮ ಕಡೆಯ ಪಟ್ಟಣವೊಂದರ ಮಸ್ಟರಿಂಗ್ ಜಾಗಕ್ಕೆ ಕಳೆದ ವರ್ಷ ಬೆಳಗಿನ ಐದೂವರೆಗೆ ಹೋಗಿದ್ದೆ. ಇನ್ನೂ ಕತ್ತಲು. ಬೀದಿದೀಪದ ಕಂಬಕ್ಕೆ ಬೆನ್ನು ಮಾಡಿ ಹೆಂಗಸರು ಸಾಲುಗಟ್ಟಿದ್ದರು. ಮೇಸ್ತ್ರಿ ಒಬ್ಬೊಬ್ಬರ ಮುಖಕ್ಕೂ ಮೊಬೈಲ್ ಹಿಡಿಯುತ್ತಿದ್ದ. ಒಬ್ಬರದು ನಾಲ್ಕು ಸಲ ಹಿಡಿದರೂ ಬರಲಿಲ್ಲ. 'ಅಕ್ಕ, ಆ ಕಡೆ ತಿರುಗಿ. ಸೆರಗು ತೆಗೀರಿ. ಕಣ್ ಮಿಟುಕ್ಸಿ' ಎನ್ನುತ್ತಿದ್ದ ಅವನೂ ನಮ್ಮವನೇ. ಆಕೆ ನನ್ನ ಕಡೆ ನೋಡಿ, 'ಏನ್ ಮಾಡಾನ ಕಣಣ್ಣ. ಮೊದ್ಲು ಹೆಬ್ಬೆಟ್ಟಿನ ಮಿಸೀನು ಇಟ್ಟಿದ್ರು, ಬೆರಳು ಸವ್ದೋಗದೆ ಬೀಳಕಿಲ್ಲ ಅಂದ್ರು. ಈಗ ಮೊಕ ಇಟ್ಟವ್ರೆ. ಮೊಕಾನೂ ಕಾಣಕಿಲ್ವಂತೆ' ಎಂದರು. ಆ ತಿಂಗಳು ಅವರಿಗೆ ಎರಡು ದಿನದ ಸಂಬಳ ಹಿಡಿದಿದ್ದರು. ಅದೇ ಕಚೇರಿಯ ಸಾಹೇಬರು ಎಷ್ಟೊತ್ತಿಗೆ ಬರುತ್ತಾರೆ ಎಂದು ಕೇಳಿದೆ. ಅವರಿಗೆ ಪುಸ್ತಕದಲ್ಲಿ ಸಹಿಯಂತೆ. ಅದೇ ಕಟ್ಟಡ, ಅದೇ ಸರ್ಕಾರ. ಗುಡಿಸುವವರ ಮುಖಕ್ಕೆ ಯಂತ್ರ, ಕೂತವರ ಕೈಗೆ ಪೆನ್ನು.

ಆಕೆಯ ಮುಖ ಕಾಣದಿದ್ದದ್ದು ಬೆಳಕಿನ ದೋಷ. ಕಂಬದ ಕಡೆ ಮುಖ ಮಾಡಿ ನಿಲ್ಲಿಸಿದ್ದರೆ ಬಹುಶಃ ಬರುತ್ತಿತ್ತು. ಒಳ್ಳೆಯ ಕ್ಯಾಮರಾ ಕೊಟ್ಟರೆ ಇನ್ನೂ ಬೇಗ ಬರುತ್ತದೆ. ಅದನ್ನು ಬೇಡ ಎನ್ನಲು ನಾನು ಯಾರು? ಎರಡು ದಿನದ ಸಂಬಳ ಅಂದರೆ ಏನೆಂದು ನಮಗೆ ಗೊತ್ತು. 2025ರ ಜುಲೈ 1ರಿಂದ ಅಂಗನವಾಡಿಗಳಲ್ಲಿ ಗರ್ಭಿಣಿ, ಬಾಣಂತಿಯರಿಗೆ ಮನೆಗೊಯ್ಯುವ ಆಹಾರ ಕೊಡಲು ಮುಖ ಹೊಂದಿಸುವುದನ್ನು ಕೇಂದ್ರ ಸರ್ಕಾರ ಕಡ್ಡಾಯ ಮಾಡಿದಾಗಲೂ ಇದೇ ಕಷ್ಟ ಎದ್ದಿತು. ಯಾವತ್ತೋ ತೆಗೆಸಿದ ಆಧಾರ್ ಫೋಟೋ, ಅಗ್ಗದ ಮೊಬೈಲು, ನೆಟ್‌ವರ್ಕ್ ಇಲ್ಲದ ಹಟ್ಟಿ. ಇಲ್ಲಿ ಯಂತ್ರ ತಪ್ಪಿದರೆ ಶಿಕ್ಷೆ ಹಸಿದವರಿಗೆ. ಆದ್ದರಿಂದ ಇಂಥ ಕಡೆಗಳಲ್ಲಿ ನಮ್ಮ ಬೇಡಿಕೆ ಎರಡು ಬಾಯಿಯದಾಗಿರಬೇಕು: ಕಪ್ಪು ಮುಖವನ್ನು ಕಾಣುವಂತೆ ಯಂತ್ರವನ್ನು ತಿದ್ದಿ, ತಿದ್ದುವ ತನಕವೂ, ತಿದ್ದಿದ ಮೇಲೂ, ಅದು ಕಾಣದಿದ್ದರೆ ಎದುರಿಗೆ ನಿಂತ ಮನುಷ್ಯಳನ್ನು ನಂಬಿ ರಿಜಿಸ್ಟರಿನಲ್ಲಿ ಬರೆಯಿರಿ. ಸಾಕ್ಷಿ ಒದಗಿಸುವ ಹೊರೆ ಆಕೆಯ ಮೇಲಿರಬಾರದು.

ಪೊಲೀಸರ ಕ್ಯಾಮರಾದ ವಿಷಯ ಬೇರೆ, ಅದನ್ನು ಇದರ ಜೊತೆ ಕಲಸಬಾರದು. ಹಾಜರಾತಿಯಲ್ಲಿ ಒಂದು ಮುಖವನ್ನು ಒಂದು ಫೋಟೋಗೆ ಹೊಂದಿಸುತ್ತಾರೆ. ಪೊಲೀಸರು ಒಂದು ಮುಖವನ್ನು ಲಕ್ಷಾಂತರ ಫೋಟೋಗಳ ಪೆಟ್ಟಿಗೆಯಲ್ಲಿ ಹುಡುಕುತ್ತಾರೆ. ಯಾರೂ ಹೊಂದದಿದ್ದರೂ ಹತ್ತಿರದವರು ಯಾರಾದರೂ ಮೇಲೆ ಬಂದೇ ಬರುತ್ತಾರೆ. ಅಮೆರಿಕದ ಡೆಟ್ರಾಯಿಟಿನಲ್ಲಿ 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕರಿಯನನ್ನು ಅವನ ಹೆಂಡತಿ, ಪುಟ್ಟ ಹೆಣ್ಣುಮಕ್ಕಳ ಎದುರಿಗೇ ಕೈಕೋಳ ಹಾಕಿ ಒಯ್ದು ಸುಮಾರು ಮೂವತ್ತು ಗಂಟೆ ಕೂಡಿಹಾಕಿದ್ದು ಇಂಥ ಹೊಂದಾಣಿಕೆಯಿಂದಲೇ. ಕದ್ದವನು ಅವನಾಗಿರಲಿಲ್ಲ. ದೆಹಲಿ ಪೊಲೀಸರು ಶೇ. 80 ಹೋಲಿಕೆ ಬಂದರೆ ಅದನ್ನು ಸರಿಯಾದ ಗುರುತೆಂದು ಪರಿಗಣಿಸುತ್ತಾರೆಂದು 2022ರಲ್ಲಿ ಮಾಹಿತಿ ಹಕ್ಕಿನ ಉತ್ತರದಿಂದ ತಿಳಿಯಿತು. ಎಂಬತ್ತು ಹೋಲಿಕೆ ಎಂದರೆ ನೂರರಲ್ಲಿ ಎಂಬತ್ತು ಸಲ ಸರಿ ಎಂದರ್ಥವಲ್ಲ. ಅದು ಎರಡು ಅಂಕಿಸಾಲುಗಳ ಹತ್ತಿರದ ಲೆಕ್ಕ ಮಾತ್ರ. ಎಂಬತ್ತೇ ಯಾಕೆ, ತೊಂಬತ್ತೈದು ಯಾಕಲ್ಲ? ಹೈದರಾಬಾದಿನಲ್ಲಿ 2021ರಲ್ಲಿ ಪೊಲೀಸರು ಎಸ್.ಕ್ಯೂ. ಮಸೂದ್ ಎಂಬ ಕಾರ್ಯಕರ್ತರನ್ನು ರಸ್ತೆಯಲ್ಲಿ ನಿಲ್ಲಿಸಿ, ಕೊರೋನಾದ ಮುಖಗವಸು ತೆಗೆಯಲು ಹೇಳಿ, ಒಪ್ಪದಿದ್ದರೂ ಫೋಟೋ ಹಿಡಿದರು. ಅವರು ಹೈಕೋರ್ಟಿಗೆ ಹೋಗಿ ಕೇಳಿದ್ದು ನನ್ನ ಬಣ್ಣ ಸರಿಯಾಗಿ ಬಂತೇ ಎಂದಲ್ಲ, ಯಾವ ಕಾನೂನಿನಡಿ ತೆಗೆದಿರಿ ಎಂದು.

ಆ ಪೆಟ್ಟಿಗೆಯಲ್ಲಿ ಯಾರ ಮುಖಗಳಿವೆ? 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹುಟ್ಟಿನಿಂದಲೇ ಅಪರಾಧಿಗಳೆಂದು ಕೆಲವು ಸಮುದಾಯಗಳ ಹೆಸರು ಬರೆದಿಟ್ಟಿತು. 1952ರಲ್ಲಿ ಅದು ಹೋದರೂ ರೂಢಿಗತ ಅಪರಾಧಿಗಳು ಎಂಬ ಹೆಸರಿನ ಕಾಯ್ದೆಗಳು ರಾಜ್ಯಗಳಲ್ಲಿ ಬಂದವು, ನಮ್ಮಲ್ಲಿ 1961ರಲ್ಲಿ. 2011ರ ಜನಗಣತಿಯಲ್ಲಿ ಪರಿಶಿಷ್ಟ ಜಾತಿಯವರು ದೇಶದ ಶೇ. 16.6, ಜೈಲುಗಳ ಸರ್ಕಾರಿ ಅಂಕಿಅಂಶದಲ್ಲಿ ವರ್ಷವರ್ಷವೂ ಶಿಕ್ಷೆಗೊಳಗಾದವರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು. 2022ರ ಹೊಸ ಗುರುತಿನ ಕಾಯ್ದೆ ಪೊಲೀಸರು ತೆಗೆದುಕೊಂಡ ಅಳತೆಗಳನ್ನು 75 ವರ್ಷ ಇಟ್ಟುಕೊಳ್ಳಲು ಬಿಡುತ್ತದೆ. ಹೀಗಿರುವಾಗ ಕಪ್ಪು ಮುಖಗಳಲ್ಲಿ ಒಂದೂ ತಪ್ಪು ಮಾಡದ ಕ್ಯಾಮರಾ ಬಂದರೆ ಆ ಪೆಟ್ಟಿಗೆಯೊಳಗಿನ ನಮ್ಮವರಿಗೆ ಆಗುವ ಉಪಕಾರ ಏನು? 2020ರ ಜೂನಿನಲ್ಲಿ ಐಬಿಎಂ ಈ ವ್ಯಾಪಾರವನ್ನೇ ಬಿಟ್ಟೆನೆಂದಿತು, ಅದಕ್ಕೂ ಮುಂಚೆ 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ತನ್ನ ಪೊಲೀಸರಿಗೆ ಇದನ್ನು ನಿಷೇಧಿಸಿತು. ಇಲ್ಲಿ ತಿದ್ದಿ ಎನ್ನುವುದಕ್ಕಿಂತ ತೆಗೆಯಿರಿ ಎನ್ನುವುದೇ ನನ್ನ ಪಕ್ಷ.

ಕೊನೆಗೆ, ಗೆಳೆಯರ ನಡುವೆ ಈಗ ನಡೆಯುತ್ತಿರುವ ಒಂದು ಜಗಳ. ಚುನಾವಣಾ ಆಯೋಗದ ಬಳಿ ಇದ್ದ ಸುಮಾರು 32 ಸಾವಿರ ಅಭ್ಯರ್ಥಿಗಳ ಫೋಟೋಗಳ ಮೇಲೆ ಇಂಥ ತಂತ್ರಾಂಶಗಳನ್ನು ಇಬ್ಬರು ಸಂಶೋಧಕರು ಪರೀಕ್ಷೆ ಮಾಡಿ 2021ರಲ್ಲಿ ಬರೆದಿದ್ದಾರೆ. ಅದರಲ್ಲೂ ಹೆಂಗಸರ ವಿಷಯದಲ್ಲೇ ತಪ್ಪು ಹೆಚ್ಚು. ಮೀಸಲು ಕ್ಷೇತ್ರಗಳ ಅಭ್ಯರ್ಥಿಗಳು ಯಾರೆಂದು ಎಲ್ಲರಿಗೂ ಗೊತ್ತಿರುವುದರಿಂದ ಜಾತಿವಾರು ಪರೀಕ್ಷೆಯನ್ನೂ ಮಾಡಿಬಿಡೋಣ, ಅಂಕಿಅಂಶ ಕೈಗೆ ಸಿಕ್ಕಿದರೆ ಕೋರ್ಟಿನಲ್ಲಿ ನಿಲ್ಲುತ್ತದೆ ಎಂದು ಕೆಲವು ಹುಡುಗರು ಹೇಳುತ್ತಿದ್ದಾರೆ. ಅವರ ತುರ್ತು ನನಗೆ ಅರ್ಥವಾಗುತ್ತದೆ. ಆದರೆ ಮುಖಗಳ ಮೇಲೆ ಜಾತಿಯ ಚೀಟಿ ಅಂಟಿಸಿ ಯಂತ್ರಕ್ಕೆ ಒಮ್ಮೆ ಕೊಟ್ಟರೆ ಅದು ರಿಸ್ಲಿ ಸತ್ತ ಮೇಲೆ ಅವನ ಕೈಗೆ ಕಂಪ್ಯೂಟರ್ ಕೊಟ್ಟ ಹಾಗೆ. ಬೇಕಾದ ಅಂಕಿಅಂಶ ಬೇರೆ ಕಡೆ ಇದೆ. ಹಾಜರಾತಿ ಯಂತ್ರ ಇರುವ ಪ್ರತಿ ವಾರ್ಡಿನಲ್ಲಿ, ಮುಖ ಹೊಂದಿಸುವ ಪ್ರತಿ ಅಂಗನವಾಡಿಯಲ್ಲಿ ಯಾರ್‍ಯಾರಿಗೆ ಯಾವ ಯಾವ ದಿನ ಕೈಕೊಟ್ಟಿತು ಎಂಬುದನ್ನು ನಾವೇ ಒಂದು ನೋಟುಬುಕ್ಕಿನಲ್ಲಿ ಬರೆಯಲು ಶುರು ಮಾಡಬೇಕು. ಅದರಲ್ಲಿ ಮೈಬಣ್ಣಕ್ಕೆ ಕಾಲಂ ಬೇಡ. ಹೆಸರು, ಕೆಲಸ, ಎಷ್ಟು ದಿನದ ಕೂಲಿ ಅಥವಾ ಎಷ್ಟು ಪೊಟ್ಟಣ ಆಹಾರ ತಪ್ಪಿತು, ಕಡಿತದ ಆದೇಶಕ್ಕೆ ಸಹಿ ಹಾಕಿದವರು ಯಾರು, ಇಷ್ಟಿದ್ದರೆ ಸಾಕು.